ಡೆನಿಸಣ್ಣನ ಟ್ರಕ್ಕು ಮತ್ತು ಸುಮ್ಮನಿದ್ದ ರೇಡಿಯೋ

ಕೋವಿಡ್ ಕಳೆದು ವಿಮಾನಗಳು ಮೊದಲಿನಂತೆ ಹಾರತೊಡಗಿದ್ದ ವರ್ಷ ಅದು. ಮಸ್ಕತ್ತಿನ ರೂವಿಯಲ್ಲಿರುವ ಒಂದು ಕೇಟರಿಂಗ್ ಕಂಪನಿಯಲ್ಲಿ ನಾನು ಲಾಜಿಸ್ಟಿಕ್ಸ್ ಅಧಿಕಾರಿಯಾಗಿದ್ದೆ. ಎಂ.ಕಾಂ. ಮುಗಿಸಿ ಉಡುಪಿಯಿಂದ ಬಂದವನಿಗೆ ಅಲ್ಲಿಯವರೆಗೆ ಗೊತ್ತಿದ್ದ ಅಪಾಯವೆಂದರೆ ಬಂದರಿನಲ್ಲಿ ಕಂಟೇನರ್ ಸಿಕ್ಕಿಹಾಕಿಕೊಳ್ಳುವುದು, ಹೆಚ್ಚೆಂದರೆ ನಮ್ಮ ವೀಸಾದ ಒಡೆಯನಾದ ಕಫೀಲ್ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡುವುದು. ಅಂಥ ನನ್ನನ್ನು ಕಂಪನಿ ಆಫ್ರಿಕಾದ ಒಂದು ದೇಶಕ್ಕೆ ಕಳಿಸಿತು. ಆ ದೇಶದಲ್ಲಿ ವರ್ಷಗಳಿಂದ ಅಂತರ್ಯುದ್ಧ ನಡೆದಿತ್ತು. ಅಲ್ಲಿನ ಕೆಲವರು ಇನ್ನೂ ಅದೇ ಊರಿನಲ್ಲಿ ಬದುಕುತ್ತಿರುವುದರಿಂದ ದೇಶದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ.

ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆ ಎಂದರೆ ನಮ್ಮ ಕಣ್ಣಿಗೆ ಬರುವುದು ತಿಳಿನೀಲಿ ಟೋಪಿ ಹಾಕಿದ ಸೈನಿಕರು. ಅವರು ಯುದ್ಧ ಮಾಡಲು ಹೋದವರಲ್ಲ, ಯುದ್ಧ ಮಾಡುವವರ ನಡುವೆ ನಿಲ್ಲಲು ಹೋದವರು. ಆದರೆ ನಡುವೆ ನಿಲ್ಲುವವರಿಗೂ ದಿನಕ್ಕೆ ಮೂರು ಹೊತ್ತು ಹಸಿವಾಗುತ್ತದೆ. ಅವರ ಅಕ್ಕಿ, ಮಾಂಸ, ತರಕಾರಿ, ಕುಡಿಯುವ ನೀರು ಇವೆಲ್ಲವನ್ನೂ ಒದಗಿಸುವುದು ನಮ್ಮಂಥ ಗುತ್ತಿಗೆ ಕಂಪನಿಗಳು. ನನ್ನ ಹುದ್ದೆಯ ಹೆಸರು ಮೂವ್‌ಮೆಂಟ್ ಕಂಟ್ರೋಲರ್. ಕ್ಯಾಂಪಿನ ಒಂದು ಕಂಟೇನರ್ ಕೋಣೆಯಲ್ಲಿ ರೇಡಿಯೋ ಮುಂದೆ ಕುಳಿತು, ಕಂಪನಿಯ ಯಾವ ಗಾಡಿ ಎಲ್ಲಿದೆ, ಯಾವ ರಸ್ತೆಯಲ್ಲಿ ಬರಬೇಕು ಎಂದು ಹೇಳುವುದು ನನ್ನ ಕೆಲಸ.

ಕ್ಯಾಂಪ್ ಮ್ಯಾನೇಜರ್ ಸಯೀದ್, ರುಸ್ತಾಕಿನ ಒಮಾನಿ. ಒಮಾನಿಗಳ ಉದ್ದನೆಯ ಬಿಳಿ ನಿಲುವಂಗಿ ದಿಶ್‌ದಾಶಾದ ಮೇಲೆ ಬುಲೆಟ್‌ಪ್ರೂಫ್ ಜಾಕೆಟ್ ಹಾಕಿಕೊಂಡು ಓಡಾಡುತ್ತಿದ್ದ ಏಕೈಕ ಮನುಷ್ಯ. ಅರಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಮಾತಾಡುತ್ತಿದ್ದ. ಅಡುಗೆಮನೆಯ ಮುಖ್ಯಸ್ಥ ಡೆನಿಸ್, ಮಂಗಳೂರಿನ ಕೊಂಕಣಿ ಕ್ರೈಸ್ತರು. ನನಗಿಂತ ಬಹಳ ಹಿರಿಯರಾದ್ದರಿಂದ ನನಗೆ ಡೆನಿಸಣ್ಣ. ಮಸ್ಕತ್ತಿನ ಹೋಟೆಲುಗಳಲ್ಲಿ ಅರ್ಧ ಆಯುಷ್ಯ ಕಳೆದಿದ್ದ ಅವರ ತುಳು ನನ್ನ ತುಳುವಿಗಿಂತ ಚೆನ್ನಾಗಿತ್ತು. ನಾನು ಕ್ಯಾಂಪಿಗೆ ಹೋದ ಮೊದಲ ದಿನ, ಹೆಲಿಕಾಪ್ಟರಿನ ಸದ್ದಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದಾಗ, ಸೌಟು ಹಿಡಿದ ದಪ್ಪ ದೇಹವೊಂದು ಎದುರಿಗೆ ಬಂದು, "ಒಣಸ್ ಆಂಡಾ ಶೆಟ್ರೇ?" ಎಂದು ಕೇಳಿತು. ಊಟವಾಯಿತೇ ಎಂದು. ಅಷ್ಟು ದೂರದ ಧೂಳಿನಲ್ಲಿ ಆ ಎರಡು ಮಾತು ಕೇಳಿ ನನಗೆ ಅಳು ಬಂತು. "ಅಳ್ಬೇಡಿ ಮಾರಾಯ್ರೆ, ಊಟ ಅಷ್ಟು ಕೆಟ್ಟದಾಗಿಲ್ಲ," ಎಂದರು ಡೆನಿಸಣ್ಣ.

ನಾವಿಬ್ಬರೂ ರೇಡಿಯೋದಲ್ಲಿ ತುಳು ಮಾತಾಡತೊಡಗಿದ್ದು ಬರಿಯ ಹರಟೆಗಾಗಿ. ನಿಯಮದ ಪ್ರಕಾರ ಇಂಗ್ಲಿಷ್ ಮಾತ್ರ ಆಡಬೇಕು. ಸಂಪರ್ಕ ವಿಭಾಗದವರು ಎರಡು ಸಲ ಬೈದರು. ಆಮೇಲೊಂದು ಘಟನೆ ನಡೆಯಿತು. ನಮ್ಮ ನೀರಿನ ಟ್ಯಾಂಕರಿನ ಚಾಲಕ "ಮಾರ್ಕೆಟ್ ರಸ್ತೆಯಲ್ಲಿ ಬರುತ್ತಿದ್ದೇನೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಸ್ವಲ್ಪ ಹೊತ್ತಿಗೆ ಅದೇ ರಸ್ತೆಯಲ್ಲಿ ಬಂದೂಕುಧಾರಿಗಳು ಅಡ್ಡಗಟ್ಟಿ ಟ್ಯಾಂಕರನ್ನೇ ಕೊಂಡೊಯ್ದರು. ಚಾಲಕ ನಡೆದುಕೊಂಡು ಕ್ಯಾಂಪಿಗೆ ಬಂದ. ನಮ್ಮ ಚಾನೆಲನ್ನು ಹೊರಗಿನವರು ಕೇಳುತ್ತಿದ್ದಾರೆ ಎಂಬುದು ಎಲ್ಲರಿಗೂ ಖಚಿತವಾಯಿತು. ಮರುದಿನ ಭದ್ರತಾ ಅಧಿಕಾರಿ ನನ್ನ ಕೋಣೆಗೆ ಬಂದು, ನೀವಿಬ್ಬರು ಆಡುವ ಆ ಭಾಷೆಯನ್ನು ಇನ್ನು ಮುಂದೆ ಕೆಲಸಕ್ಕೂ ಬಳಸಿ ಎಂದ. ಬೈಗುಳ ತಿಂದ ಹರಟೆ ಹೀಗೆ ಕಂಪನಿಯ ಅಧಿಕೃತ ಪದ್ಧತಿಯಾಯಿತು.

ಆದರೆ ತುಳುವಿನಲ್ಲಿ ಮಾತಾಡಿದರೂ ಜಾಗಗಳ ಹೆಸರು ಹಾಗೆಯೇ ಕೇಳಿಸುತ್ತದಲ್ಲ? ಅದಕ್ಕೆ ಡೆನಿಸಣ್ಣ ಆ ಊರಿನ ಜಾಗಗಳಿಗೆಲ್ಲ ಒಮಾನಿನ ಹೆಸರಿಟ್ಟರು. ಅಂಗಡಿಗಳು ಒತ್ತೊತ್ತಾಗಿದ್ದ ಮಾರುಕಟ್ಟೆ ಹಮ್ರಿಯಾ ಆಯಿತು. ನೀರಿನ ತೊಟ್ಟಿಯಿದ್ದ ಗುಡ್ಡದ ರಸ್ತೆ, ಬೆಟ್ಟ ಹತ್ತಿ ಇಳಿಯಬೇಕಾದ್ದರಿಂದ, ಅಮೇರಾತ್ ಆಯಿತು. ಗುಡ್ಡದ ಕೆಳಗೆ ಮಣ್ಣಿನ ದಪ್ಪ ಗೋಡೆಗಳ ಪಾಳುಬಿದ್ದ ಪೊಲೀಸ್ ಠಾಣೆಯಿತ್ತು. ಅದು ರುಸ್ತಾಕ್ ಕೋಟೆ. ಸಯೀದ್‌ಗೆ ಇದು ಗೊತ್ತಾದಾಗ ನಿಜಕ್ಕೂ ಸಿಟ್ಟು ಬಂತು. "ನಮ್ಮ ಕೋಟೆ ಎಲ್ಲಿ, ಈ ಕತ್ತೆ ಕಟ್ಟುವ ಜಾಗ ಎಲ್ಲಿ? ನಿಮ್ಮ ಮಂಗಳೂರಿನ ಹೆಸರಿಡು!" ಎಂದ. "ಮಂಗಳೂರಿನಲ್ಲಿ ಇಷ್ಟು ಹಾಳಾದ್ದು ಯಾವುದೂ ಇಲ್ಲ ಸಯೀದ್ ಭಾಯ್," ಎಂದರು ಡೆನಿಸಣ್ಣ.

ಊರಿನ ಆಚೆ ತುದಿಯಲ್ಲಿ ಮಣ್ಣಿನ ರನ್‌ವೇ ಇತ್ತು. ಅದರ ಪಕ್ಕದಲ್ಲಿ ನಮ್ಮ ಗೋದಾಮು. ವಾರಕ್ಕೊಮ್ಮೆ ಸರಕು ವಿಮಾನ ಬರುತ್ತಿತ್ತು. ಅದರ ತರಕಾರಿಯನ್ನು ಆರಿಸಿ ಒಪ್ಪ ಮಾಡಲು ಸ್ಥಳೀಯ ಹೆಂಗಸರು ಆರು ಮಂದಿ ಇದ್ದರು. ಅವರ ಮುಂದಾಳು ಆಮ್ನಾ. ಗಂಡನನ್ನೂ ಮನೆಯನ್ನೂ ಆ ಯುದ್ಧದಲ್ಲೇ ಕಳೆದುಕೊಂಡವಳು, ಮಾತಿನ ಚುರುಕನ್ನು ಮಾತ್ರ ಕಳೆದುಕೊಂಡಿರಲಿಲ್ಲ. ಡೆನಿಸಣ್ಣನಿಗೂ ಅವಳಿಗೂ ಈರುಳ್ಳಿಯ ವಿಷಯದಲ್ಲಿ ಪ್ರತಿವಾರ ಜಗಳ. ಯಾವುದು ಕೊಳೆತದ್ದು, ಯಾವುದು ನಡೆಯುತ್ತದೆ ಎಂಬುದನ್ನು ಅವಳಿಗೆ ಬಿಡಲು ಇವರು ತಯಾರಿಲ್ಲ, ಇವರಿಗೆ ಬಿಡಲು ಅವಳು ತಯಾರಿಲ್ಲ. ಹೀಗಾಗಿ ವಿಮಾನ ಬಂದ ದಿನ ಅಡುಗೆಯ ಮುಖ್ಯಸ್ಥರೇ ಗೋದಾಮಿಗೆ ಹೋಗಿ ಕೂರುತ್ತಿದ್ದರು.

ಅಂಥ ಒಂದು ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಊರಿನಲ್ಲಿ ಗುಂಡಿನ ಸದ್ದು ಶುರುವಾಯಿತು. ಗುಂಡಿನ ಸದ್ದು ನಮಗೆ ಹೊಸದಲ್ಲ. ಆದರೆ ಅಂದು ಅದು ನಿಲ್ಲಲಿಲ್ಲ. ಅಲ್ಲಿಯವರೆಗೆ ಒಪ್ಪಂದದಲ್ಲಿದ್ದ ಎರಡು ಸಶಸ್ತ್ರ ಗುಂಪುಗಳು ಮಾರುಕಟ್ಟೆಯಲ್ಲಿ ಹೊಡೆದಾಟಕ್ಕಿಳಿದಿದ್ದವು. ಕ್ಯಾಂಪಿನ ಸೈರನ್ ಕೂಗಿತು, ಗೇಟು ಮುಚ್ಚಿತು. ಶಸ್ತ್ರಸಜ್ಜಿತ ವಾಹನಗಳು ಬೆಳಿಗ್ಗೆಯೇ ದೂರದ ಹಳ್ಳಿಗೆ ಗಸ್ತು ಹೋಗಿದ್ದವು. ಉಳಿದ ಸೈನಿಕರು ಕ್ಯಾಂಪು ಬಿಟ್ಟು ಹೋಗುವಂತಿರಲಿಲ್ಲ.

ಡೆನಿಸಣ್ಣನ ದನಿ ರೇಡಿಯೋದಲ್ಲಿ ಬಂತು. ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿಯೇ ಬರೆಯುತ್ತೇನೆ.

"ಶೆಟ್ರೇ, ಡ್ರೈವರ್ ಇಲ್ಲ. ಸದ್ದು ಕೇಳಿದ ಕೂಡಲೇ ಮಕ್ಕಳನ್ನು ನೋಡ್ಲಿಕ್ಕೆ ಮನೆಗೆ ಓಡಿದ. ಟ್ರಕ್ಕು ಉಂಟು, ಕೀ ಉಂಟು. ನಾನೇ ತರ್ತೇನೆ."

"ಹಮ್ರಿಯಾ ಬೇಡವೇ ಬೇಡ. ಅಮೇರಾತ್ ಹತ್ತಿ ಬನ್ನಿ. ಒಬ್ಬರೇ ತಾನೆ?"

"ಒಬ್ಬನೇ ಹೇಗಾಗ್ತದೆ? ಈ ಆರು ಜನ ಉಂಟಲ್ಲ."

ಪರದೇಶದವರ ಕೆಲಸ ಮಾಡುವ ಹೆಂಗಸರು ಎಂದು ಆ ಗುಂಪುಗಳಲ್ಲೊಂದು ಇವರನ್ನು ಮೊದಲೇ ಬೆದರಿಸಿತ್ತು. ಗೋದಾಮಿನಲ್ಲಿ ಬಿಟ್ಟು ಬಂದರೆ ಸಂಜೆಯೊಳಗೆ ಅವರ ಗತಿ ಏನಾಗುತ್ತಿತ್ತು ಎಂಬುದನ್ನು ಆ ಊರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಆದರೂ ಕಂಪನಿಯ ಗಾಡಿಯಲ್ಲಿ ಕ್ಯಾಂಪಿನ ಪಾಸ್ ಇಲ್ಲದವರನ್ನು ತರುವಂತಿಲ್ಲ ಎಂಬ ನಿಯಮವನ್ನು ನಾನು ನೆನಪಿಸಿದೆ.

"ನಿಯಮ ನೀವು ನೋಡಿಕೊಳ್ಳಿ ಶೆಟ್ರೇ. ಇವರನ್ನು ಬಿಟ್ಟು ಬರ್ಲಿಕ್ಕೆ ಆಗುದಿಲ್ಲ. ಹಿಂದೆ ಕೋಳಿ ಪೆಟ್ಟಿಗೆಗಳ ಮಧ್ಯೆ ಕೂರಿಸಿದ್ದೇನೆ."

ಆ ಟ್ರಕ್ಕು ರೀಫರ್. ಮಾಂಸ ಕೆಡದಂತೆ ಸಾಗಿಸುವ ತಂಪು ಪೆಟ್ಟಿಗೆಯ ಲಾರಿ. ತಂಪು ಯಂತ್ರವನ್ನು ಅವರು ನಿಲ್ಲಿಸಿದ್ದರು. ಆದರೆ ಬಾಗಿಲು ಪೂರ್ತಿ ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ. ಬೆಳಕೂ ಇಲ್ಲ. ಒಳಗಿನಿಂದ ತೆರೆಯುವ ಹಿಡಿ ಹಿಂದಿನ ತಿಂಗಳೇ ಮುರಿದಿತ್ತು. ಅದಕ್ಕೆ ಬಾಗಿಲನ್ನು ಸ್ವಲ್ಪ ಸಂದು ಬಿಟ್ಟು ಹಗ್ಗದಿಂದ ಕಟ್ಟಿ ಹೊರಟರು. ದಾರಿಯಲ್ಲಿ ಯಾರಾದರೂ ಕಂಡರೆ ಇಳಿದು ಪೂರ್ತಿ ಮುಚ್ಚುವುದು ಎಂದು ತೀರ್ಮಾನವಾಯಿತು. ಹಾಗೆ ಮುಚ್ಚಿದ್ದನ್ನು ಬಹಳ ಹೊತ್ತು ಇಡುವಂತಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಸಯೀದ್ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತ. ಅವನಿಗೆ ತುಳು ಬಾರದು. ಆದರೆ ನಡುವೆ ಬರುವ ಊರುಗಳ ಹೆಸರು ಹಿಡಿದುಕೊಂಡು ಟ್ರಕ್ಕನ್ನು ಹಿಂಬಾಲಿಸುತ್ತಿದ್ದ. "ಅಮೇರಾತ್ ಹತ್ತಿದನಾ?" ಎಂದು ಕೇಳುವನು. ನಾನು ತಲೆಯಾಡಿಸುವೆನು. ಡೆನಿಸಣ್ಣ ಏರಿನಲ್ಲಿ ಗೇರು ಬದಲಾಯಿಸುವಾಗ ಗಾಡಿಗೆ ಬೈಯುತ್ತಿದ್ದುದೂ ಕೇಳಿಸಿತು. ಸೌಟು ಹಿಡಿಯುವ ಕೈಗೆ ಇಂಥ ಕೆಲಸ ಕೊಟ್ಟರಲ್ಲ ಎಂದರು. ನಾನು ನಕ್ಕೆ. ಹೆದರಿದಾಗ ನನಗೆ ನಗು ಬರುತ್ತದೆ ಎಂಬುದು ಅಂದು ತಿಳಿಯಿತು.

ಆಮೇಲೆ ಗುಡ್ಡದ ತುದಿಯಿಂದ ಒಂದು ಮಾತು ಬಂತು.

"ರುಸ್ತಾಕ್ ಕಾಣ್ತಾ ಉಂಟು. ಇಳಿದು ಹಿಂದಿನ ಬಾಗಿಲು ಪೂರ್ತಿ ಮುಚ್ಚಿದ್ದೇನೆ. ಕೆಳಗೆ ಜನ ಇದ್ದಾರೆ, ಕೈಯಲ್ಲಿ..."

ಅಲ್ಲಿಗೆ ನಿಂತಿತು. ಕಡಿದು ಹೋದದ್ದಲ್ಲ; ಅವರು ವಾಕಿಟಾಕಿಯ ಗುಂಡಿಯಿಂದ ಕೈ ತೆಗೆದ ಸದ್ದು ಕೇಳಿಸಿತು. ಆಮೇಲೆ ಬರಿಯ ಸುಯ್ಯೆನ್ನುವ ಸದ್ದು.

ಎಷ್ಟು ಹೊತ್ತು ಎಂದು ನನಗೆ ಇಂದಿಗೂ ತಿಳಿಯದು. ಗಡಿಯಾರ ನೋಡುವುದು ನನ್ನ ಕೆಲಸದ ಭಾಗವಾಗಿದ್ದರೂ ಅಂದು ನೋಡಲಿಲ್ಲ. ಹಿಂದೆ ಕತ್ತಲ ಪೆಟ್ಟಿಗೆಯಲ್ಲಿ ಆರು ಜನ, ಮುಂದೆ ಬಂದೂಕು, ನಡುವೆ ಡೆನಿಸಣ್ಣ. ಏನಾಯಿತು ಎಂದು ಕೇಳಬೇಕು. ಸುಮ್ಮನೆ ಹೆಸರು ಕರೆದರೂ ಸಾಕು. ಯಾರಿಗೂ ಅರ್ಥವಾಗದ ನಮ್ಮ ಭಾಷೆ ಇದೆಯಲ್ಲ, ಕೇಳಿದರೆ ನಷ್ಟವೇನು? ನನ್ನ ಹೆಬ್ಬೆರಳು ಮಾತಾಡುವ ಗುಂಡಿಯ ಮೇಲೆ ಹೋಗಿತ್ತು.

ಸಯೀದ್ ತನ್ನ ಅಂಗೈಯನ್ನು ನನ್ನ ಕೈಯ ಮೇಲಿಟ್ಟ. ಒತ್ತಲಿಲ್ಲ, ಕಿತ್ತುಕೊಳ್ಳಲಿಲ್ಲ. ಇಟ್ಟ ಅಷ್ಟೆ.

"ದನಿ ಕೇಳಬೇಕಾದದ್ದು ನಿನಗೆ, ಅವನಿಗಲ್ಲ," ಎಂದ. "ಅವನಿಗೆ ಈಗ ಕೆಲಸ ಇದೆ. ಬಿಡು."

ನಾವಿಬ್ಬರೂ ಹಾಗೆಯೇ, ಕೈಯ ಮೇಲೆ ಕೈ ಇಟ್ಟುಕೊಂಡು, ರೇಡಿಯೋವನ್ನು ನೋಡುತ್ತ ಕುಳಿತೆವು. ಸಯೀದನ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಅವನ ಅಂಗೈ ಬೆವರಿ ನನ್ನ ಕೈಯೆಲ್ಲ ಒದ್ದೆಯಾಗಿತ್ತು. ಆಗ ಗೊತ್ತಾಯಿತು, ಅವನಿಗೂ ನನ್ನಷ್ಟೇ ಹೆದರಿಕೆ.

ಕೊನೆಗೆ ದನಿ ಬಂತು. "ಶೆಟ್ರೇ, ರುಸ್ತಾಕ್ ದಾಟಿದೆ. ಬಾಗಿಲ ಸಂದು ಬಿಟ್ಟೆ. ಎಲ್ಲ ಉಸಿರಾಡ್ತಾ ಇದ್ದಾರೆ. ಗೇಟು ತೆಗೀಲಿಕ್ಕೆ ಹೇಳಿ."

ಠಾಣೆಯ ಮುಂದೆ ಏನು ನಡೆಯಿತು ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಅಲ್ಲಿದ್ದವರು ಟ್ರಕ್ಕನ್ನು ಕೈ ಮಾಡಿ ನಿಲ್ಲಿಸಿದರು. ಡೆನಿಸಣ್ಣ ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಕಾಣುವಂತೆ ಇಟ್ಟರು. ವಾಕಿಟಾಕಿ ಪಕ್ಕದ ಸೀಟಿನಲ್ಲಿ ಟವೆಲ್ ಕೆಳಗೆ ಬಿದ್ದಿತ್ತು, ಅದರ ವಾಲ್ಯೂಮ್ ತಗ್ಗಿಸಲು ಸಮಯವಾಗಿರಲಿಲ್ಲ. ಕಿಟಕಿಯ ಹತ್ತಿರ ಬಂದವನು ಹಿಂದೆ ಏನಿದೆ ಎಂದು ಅರಬಿಯಲ್ಲಿ ಕೇಳಿದ. ಕೋಳಿ ಎಂದರು. ಇಳಿಸು ಎಂದ. ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಬೇಯಿಸಲು ನಾಳೆಯವರೆಗೆ ಕಾಯಬೇಕು, ಬೇಕಾದರೆ ಈಗಲೇ ತಿನ್ನುವಂಥದ್ದು ಇದೆ ಎಂದು ಮುಂದೆ ಇಟ್ಟುಕೊಂಡಿದ್ದ ಈರುಳ್ಳಿ ಚೀಲವನ್ನೂ ತಮ್ಮ ಊಟದ ಡಬ್ಬಿಯನ್ನೂ ಕೊಟ್ಟರು. ಇನ್ನೊಬ್ಬ ಹಿಂದೆ ಹೋಗಿ ಬಾಗಿಲನ್ನು ಬಂದೂಕಿನ ಹಿಂಭಾಗದಿಂದ ಬಡಿದ. ಒಳಗೆ ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಚೀಲ, ಡಬ್ಬಿ ಇಳಿಸಿಕೊಂಡು ಹೋಗು ಎಂದರು.

ಇದೆಲ್ಲ ನಡೆಯುವಾಗ ಕಿಟಕಿಯ ಬಳಿ ನಿಂತವನ ಎದೆಯ ಮೇಲೆ ಒಂದು ವಾಕಿಟಾಕಿ ನೇತಾಡುತ್ತಿತ್ತು. ಅದರಿಂದ ಸುಯ್ಯೆನ್ನುವ ಸದ್ದು ಬರುತ್ತಿತ್ತು. ಟವೆಲ್ ಕೆಳಗಿನಿಂದಲೂ ಅದೇ ಸದ್ದು. ಸಣ್ಣಗೆ ಬರುತ್ತಿದ್ದ ಎರಡೂ ಸದ್ದು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಅದು ನಮ್ಮ ಚಾನೆಲ್.

ನಾನು ಗುಂಡಿ ಒತ್ತಿದ್ದರೆ ನನ್ನ ದನಿ ಅವನ ಎದೆಯಿಂದಲೂ ಟವೆಲಿನ ಕೆಳಗಿನಿಂದಲೂ ಒಂದೇ ಸಲ ಹೊರಡುತ್ತಿತ್ತು. ಅವರಿಗೆ ಅರ್ಥವಾಗದ, ತಿಂಗಳುಗಟ್ಟಲೆ ಅವರನ್ನು ಕಂಗೆಡಿಸಿದ್ದ ಭಾಷೆಯಲ್ಲಿ. ಆ ಭಾಷೆಯವನು ಯಾರು ಎಂದು ಅವರು ಹುಡುಕುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ಸಿಕ್ಕಿದ್ದರೆ ಬಿಡುತ್ತಿರಲಿಲ್ಲ ಎಂಬುದಂತೂ ಗೊತ್ತು. ನಮ್ಮನ್ನು ಅಷ್ಟು ದಿನ ಕಾಯ್ದ ತುಳುವೇ ಅಂದು ಅವರ ಬೆರಳನ್ನು ಟ್ರಿಗರಿಗೆ ಒಯ್ಯುತ್ತಿತ್ತು.

ಆದರೆ ಇದು ತಿಳಿಯುವ ಮೊದಲು ಗೇಟಿನ ಕೆಲಸ ಬಾಕಿಯಿತ್ತು. ನಾನೂ ಸಯೀದನೂ ಅಲ್ಲಿಗೆ ಓಡಿದೆವು. ಗೇಟಿನಲ್ಲಿದ್ದ ಮೇಜರ್ ದಕ್ಷಿಣ ಏಷ್ಯಾದವನೇ, ಹಿಂದಿ ಬಲ್ಲವನು, ಒಳ್ಳೆಯ ಮನುಷ್ಯ. ಡೆನಿಸಣ್ಣನ ಅಡುಗೆಯ ಅಭಿಮಾನಿ ಕೂಡ. ಟ್ರಕ್ಕು ಗೇಟಿನ ಮುಂದೆ ನಿಂತಿತು, ಹಿಂದೆ ಗುಡ್ಡದ ಕಡೆಯಿಂದ ಗುಂಡಿನ ಸದ್ದು ಹತ್ತಿರವಾಗುತ್ತಿತ್ತು.

"ಡೆನಿಸ್ ಬರಲಿ. ಹೆಂಗಸರಿಗೆ ಪಾಸ್ ಇಲ್ಲ. ಒಬ್ಬರನ್ನು ಬಿಟ್ಟರೆ ಊರೇ ಬಂದು ನಿಲ್ಲುತ್ತದೆ. ಆರ್ಡರ್ ನಹೀ ಹೈ, ಸಯೀದ್ ಭಾಯ್," ಎಂದ ಮೇಜರ್.

ಸಯೀದ್ ವಾದಿಸಲಿಲ್ಲ. ಗೇಟಿನ ಕಂಬಿಯ ಮುಂದೆ, ಬಿಸಿಲಿನಲ್ಲಿ, ಬಿಳಿ ದಿಶ್‌ದಾಶಾ ಮಡಚಿಕೊಂಡು ನೆಲದ ಮೇಲೆ ಕುಳಿತುಬಿಟ್ಟ.

"ಇವರು ನನ್ನ ಅಡುಗೆಮನೆ," ಎಂದ. "ಅಡುಗೆಮನೆ ಹೊರಗಿದ್ದರೆ ನಾನೂ ಹೊರಗೆ. ಇವತ್ತು ಊಟ ಇಲ್ಲ, ನಾಳೆ ಇಲ್ಲ. ಖಲಾಸ್. ನೀವು ನಿಮ್ಮ ಆರ್ಡರ್ ಬೇಯಿಸಿ ತಿನ್ನಿ."

ಮೇಜರ್ ಅವನನ್ನು ನೋಡಿದ, ಟ್ರಕ್ಕನ್ನು ನೋಡಿದ. ತನ್ನ ಸೈನಿಕರ ಕಡೆ ತಿರುಗಿ, "ರೇಷನ್ ವೆಹಿಕಲ್. ಒಳಗೆ ಬಿಡಿ," ಎಂದ. ಆ ಮಾತಿಗಾಗಿ ಅವನು ಆಮೇಲೆ ಮೇಲಿನವರಿಗೆ ಉತ್ತರ ಹೇಳಬೇಕಾಯಿತು ಎಂದು ಕೇಳಿದ್ದೇನೆ. ಅವನ ಹೆಸರು ಬರೆಯಲು ಆಸೆಯಿದ್ದರೂ ಬರೆಯುವುದಿಲ್ಲ.

ಹಗ್ಗ ಬಿಚ್ಚಿ ಬಾಗಿಲು ತೆರೆದಾಗ ಆರೂ ಜನ ಒಬ್ಬರಿಗೊಬ್ಬರು ಅಂಟಿಕೊಂಡು ಕುಳಿತಿದ್ದರು. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ನಡುಗುತ್ತಿದ್ದರು, ಚಳಿಗೋ ಹೆದರಿಕೆಗೋ. ಸಯೀದ್ ತಲೆಗೆ ಸುತ್ತಿದ್ದ ಕಸೂತಿಯ ಮುಸರ್ ಬಿಚ್ಚಿ ಆಮ್ನಾಳ ಹೆಗಲಿಗೆ ಹಾಕಿದ. ಅವಳು ಇಳಿದು, ನೆಲ ಗಟ್ಟಿಯಿದೆಯೇ ಎಂದು ಕಾಲಿನಿಂದ ನೋಡಿಕೊಂಡು, ಡೆನಿಸಣ್ಣನ ಕಡೆ ಕೈ ತೋರಿಸಿ ಏನೋ ಹೇಳಿದಳು. ಸಯೀದ್ ಗಟ್ಟಿಯಾಗಿ ನಕ್ಕು ನಮಗೆ ತಿಳಿಸಿದ: "ಕೋಳಿಯ ಜೊತೆ ಇಟ್ಟ, ಉಪ್ಪು ಖಾರ ಹಚ್ಚುವುದೊಂದು ಬಾಕಿಯಿತ್ತು ಅಂತಾಳೆ. ಆರಿಸಿಟ್ಟ ಈರುಳ್ಳಿಯನ್ನು ಕಳ್ಳರಿಗೆ ಕೊಟ್ಟನಂತೆ."

"ಕೊಟ್ಟದ್ದು ಅವಳು ಒಳ್ಳೇದು ಅಂತ ಆರಿಸಿದ ಕೊಳೆತದ್ದರ ಚೀಲ ಶೆಟ್ರೇ," ಎಂದರು ಡೆನಿಸಣ್ಣ ನನ್ನ ಕಿವಿಯಲ್ಲಿ. "ಅವಳಿಗೆ ಹೇಳ್ಬೇಡಿ." ಅಷ್ಟು ಹೇಳಿ ಟ್ರಕ್ಕಿನ ಚಕ್ರಕ್ಕೆ ಒರಗಿ ಕುಳಿತವರು ಬಹಳ ಹೊತ್ತು ಏಳಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಆಗ ಅವರು ಆ ಎರಡು ರೇಡಿಯೋಗಳ ಸದ್ದಿನ ವಿಷಯ ಹೇಳಿದರು. ನೀವು ಕರೆಯಲಿಲ್ಲವಲ್ಲ, ಒಳ್ಳೇದಾಯ್ತು ಎಂದರು. ನಾನು ಸಯೀದನ ಕಡೆ ನೋಡಿದೆ. ಅವನು ಆಗಲೇ ಅಡುಗೆಮನೆಯಲ್ಲಿ ಚಹಾ ಮಾಡಿಸುತ್ತಿದ್ದ.

ಊರು ತಣ್ಣಗಾಗುವವರೆಗೆ ಹೆಂಗಸರು ಅಡುಗೆಮನೆಯ ಹಿಂದಿನ ಟೆಂಟಿನಲ್ಲಿದ್ದರು. ಕೆಲವರು ಆಮೇಲೆ ನೆಂಟರ ಊರಿಗೆ ಹೋದರು. ಆಮ್ನಾ ಪಾಸ್ ಪಡೆದು ಅಲ್ಲೇ ಕೆಲಸಕ್ಕೆ ನಿಂತಳು. ಗುತ್ತಿಗೆ ಮುಗಿದ ಮೇಲೆ ನಾವು ಮೂವರೂ ಒಮಾನಿಗೆ ಮರಳಿದೆವು.

ಇದಾಗಿ ವರ್ಷಗಳಾದವು. ಮಸ್ಕತ್ತಿನ ನಿಜವಾದ ಹಮ್ರಿಯಾದ ನಮ್ಮ ಫ್ಲ್ಯಾಟಿನಲ್ಲಿ ಕುಕ್ಕರ್ ಸೀಟಿ ಹಾಕುವ ಮೊದಲು ಸುಯ್ಯೆನ್ನುವಾಗ ಇವತ್ತಿಗೂ ನನ್ನ ಬಲಗೈಯ ಹೆಬ್ಬೆರಳು ತಾನಾಗಿ ಬಿಗಿಯುತ್ತದೆ. ಕೆಲವೊಮ್ಮೆ ಕನಸಿನಲ್ಲಿ ನಾನು ಗುಂಡಿ ಒತ್ತಿರುತ್ತೇನೆ. ಹೆಂಡತಿ ಶೈಲಜಾ ಎಬ್ಬಿಸಿ ನೀರು ಕೊಡುತ್ತಾಳೆ.

ಈಗ ನಾನು ಕಂಪನಿಯಲ್ಲಿ ಹೊಸ ಕಂಟ್ರೋಲರುಗಳಿಗೆ ತರಬೇತಿ ಕೊಡುತ್ತೇನೆ. ಹೇಗೆ ಮಾತಾಡಬೇಕು ಎಂಬುದಕ್ಕೆ ಕೈಪಿಡಿ ಇದೆ, ಅದನ್ನು ಓದಿ ಎನ್ನುತ್ತೇನೆ. ಕೈಪಿಡಿಯಲ್ಲಿ ಇಲ್ಲದ್ದನ್ನು ಮಾತ್ರ ನಾನು ಹೇಳುತ್ತೇನೆ. ಅಪಾಯದ ನಡುವೆ ಇರುವವನು ಸುಮ್ಮನಾದಾಗ, ದೂರ ಕುಳಿತ ನಮಗೆ ಅವನ ದನಿ ಕೇಳಬೇಕೆನಿಸುತ್ತದೆ. ಅದು ನಮ್ಮ ಹೆದರಿಕೆ. ಅದನ್ನು ನಾವೇ ಹೊತ್ತುಕೊಂಡು ಕೂರಬೇಕು, ಅವನ ತಲೆಗೆ ಹಾಕಬಾರದು. ಆಗದಿದ್ದರೆ ಪಕ್ಕದವರ ಕೈ ಹಿಡಿದುಕೊಳ್ಳಿ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಹೋದ ಚಳಿಗಾಲದ ಒಂದು ಶುಕ್ರವಾರ ಡೆನಿಸಣ್ಣ ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. ಅವರಿಗೆ ಈಗ ಒಮಾನಿನ ನಿಜವಾದ ರುಸ್ತಾಕಿನಲ್ಲಿ ಕೆಲಸ. ಹೊರಟೆ ಎಂದು ಬೆಳಿಗ್ಗೆ ಮೆಸೇಜು ಹಾಕಿದ್ದರು. ಆಮೇಲೆ ಮಳೆ ಹಿಡಿಯಿತು. ಮಳೆ ಬಂದರೆ ಇಲ್ಲಿನ ಒಣ ಹಳ್ಳಗಳಾದ ವಾದಿಗಳು ನೋಡನೋಡುತ್ತಲೇ ತುಂಬಿ ಕಾರುಗಳನ್ನೇ ಕೊಚ್ಚಿಕೊಂಡು ಹೋಗುತ್ತವೆ. ಊಟದ ಹೊತ್ತು ಮೀರಿತು. ಸಾರು ಎರಡು ಸಲ ಬಿಸಿಯಾಯಿತು.

"ಪಪ್ಪಾ, ಜಸ್ಟ್ ಕಾಲ್ ಹಿಮ್, ನೋ?" ಎಂದಳು ಮಗಳು.

ನಾನು ಫೋನನ್ನು ಕೈಗೆತ್ತಿಕೊಂಡೆ. ವಾದಿಯ ನೀರಿನಲ್ಲಿ ಕಾರು ಇಳಿಸಿದ್ದರೆ? ಎರಡೂ ಕೈ ಸ್ಟಿಯರಿಂಗ್ ಮೇಲೆ ಇರಬೇಕಾದ ಹೊತ್ತಿದು. ಫೋನನ್ನು ಕೆಳಗಿಟ್ಟೆ. ಶೈಲಜಾ ಬಂದು ಪಕ್ಕದಲ್ಲಿ ಕುಳಿತು ನನ್ನ ಕೈ ಹಿಡಿದುಕೊಂಡಳು.

ಸಂಜೆಯ ಹೊತ್ತಿಗೆ ಬೆಲ್ ಆಯಿತು. ಮೊಣಕಾಲಿನವರೆಗೆ ಕೆಸರು, ಮುಖ ಕೆಂಪಗೆ.

"ಎಂತ ಜನ ಮಾರಾಯ್ರೆ ನೀವು!" ಎಂದರು ಡೆನಿಸಣ್ಣ ಬಾಗಿಲಲ್ಲೇ. "ವಾದಿ ಇಳಿಯುದನ್ನು ಕಾಯ್ತಾ ಇಡೀ ಮಧ್ಯಾಹ್ನ ದಡದಲ್ಲಿ ಕೂತಿದ್ದೇನೆ. ಬದುಕಿದ್ದೇನಾ ಸತ್ತಿದ್ದೇನಾ ಅಂತ ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ?"

"ಅಂಕಲ್, ಯೂ ಆಲ್ಸೋ ಹ್ಯಾವ್ ಅ ಫೋನ್," ಎಂದಳು ಮಗಳು.

"ನನ್ನದು ಬೇರೆ. ನಾನು ಇವರ ಫೋನಿಗೆ ಕಾಯ್ತಾ ಇದ್ದದ್ದು."

ನಾನು ಕಾಲು ತೊಳೆಯಲು ನೀರು ಕೊಟ್ಟು, ಅವರ ತಟ್ಟೆಗೆ ಅನ್ನ ಬಡಿಸಿದೆ.